ಬರೀ ಕರಡಿ ನೋಡಿ ಬಂದ್ರಾ?

ದರೋಜಿಗೆ ಹೋಗಿದ್ದೆ ಅಂದರೆ ಎಲ್ಲರೂ ಕೇಳುವುದು ಒಂದೇ: ಕರಡಿ ಕಾಣಿಸ್ತಾ? ಕಾಣಿಸಿತು ಮಾರಾಯ್ರೇ. ಹಂಪಿಗೆ ಹತ್ತಿರದ ಜಾಗ, 1994ರಲ್ಲೇ ಕರಡಿಧಾಮ ಆಗಿದೆ. ಮಧ್ಯಾಹ್ನದ ಮೇಲೆ ವಾಚ್ ಟವರ್ ಹತ್ತಿ ಕೂತರೆ ಸಾಕು, ಎದುರಿನ ಬಂಡೆಗೆ ಸವರಿದ ಬೆಲ್ಲದ ಪಾಕ ನೆಕ್ಕಲು ಕರಡಿ ಇಳಿದು ಬರುತ್ತದೆ.

ನನ್ನ ಕೇಳಿದರೆ ಆ ಬೆಲ್ಲ ಇರುವುದು ನಮಗಾಗಿ. ಕರಡಿಯ ನಿಜವಾದ ಊಟ ಬಂಡೆಯ ಹಿಂದಿನ ಮುಳ್ಳುಕಂಟಿಯಲ್ಲಿದೆ. ಬಾರೆ, ಕವಳೆ, ಕಾರೆ ಹಣ್ಣು, ಮೇಲೆ ಒಂದಿಷ್ಟು ಗೆದ್ದಲು. ತಿಂದ ಬೀಜ ಲದ್ದಿ ಜೊತೆ ಬಿದ್ದು ಇನ್ನೆಲ್ಲೋ ಮೊಳೆಯುತ್ತದೆ. ಅಂದರೆ ಇಲ್ಲಿ ವನಮಹೋತ್ಸವ ಮಾಡುವುದು ಕರಡಿ. ಭಾಷಣ ಇಲ್ಲ, ಫೋಟೋ ಇಲ್ಲ.

ಬೇಸಿಗೆಯಲ್ಲಿ ಈ ಕುರುಚಲು ಕಾಡು ಎಲೆ ಉದುರಿಸಿ ಸತ್ತಂತೆ ನಿಂತಿರುತ್ತದೆ. ನೋಡಿದವರು 'ಅಯ್ಯೋ, ಬಂಜರು' ಅನ್ನುತ್ತಾರೆ. ಕೇಂದ್ರ ಸರ್ಕಾರದ ಬಂಜರು ಭೂಮಿಯ ಅಟ್ಲಾಸ್ ಕೂಡ ಕುರುಚಲು ನೆಲವನ್ನು ಅದೇ ಪಟ್ಟಿಗೆ ಸೇರಿಸಿದೆ! ಅದೇ ಬಂಜರಿನ ಬಂಡೆ ಸಂದಿಯಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಹಕ್ಕಿ ಅದು. ಪೇಂಟೆಡ್ ಸ್ಯಾಂಡ್‌ಗ್ರೌಸ್ ನೆಲಕ್ಕೆ ಅಂಟಿ ಕೂತರಂತೂ ಕಲ್ಲು ಯಾವುದು, ಹಕ್ಕಿ ಯಾವುದು ಗೊತ್ತಾಗಲ್ಲ. ನಾನೇ ಒಂದನ್ನು ತುಳಿಯುವುದರಲ್ಲಿದ್ದೆ.

'ಹಸಿರು ಮಾಡೋಣ' ಅಂತ ಗುದ್ದಲಿ ಹಿಡಿದು ಬರುವವರನ್ನು ಕಂಡರೆ ನನಗೆ ಭಯ. ರಾಣೆಬೆನ್ನೂರು ನೋಡಿ. 1974ರಲ್ಲಿ ಅಭಯಾರಣ್ಯವಾಯಿತು. ಕೃಷ್ಣಮೃಗ ಜಾಸ್ತಿಯಾದವು, ಸಂತೋಷ. ಆದರೆ ಅಲ್ಲಿನ ಹುಲ್ಲುಬಯಲಿನ ದೊಡ್ಡ ಪಾಲಿಗೆ ನೀಲಗಿರಿ ನೆಟ್ಟಿದ್ದರು. ಎರೆಭೂತ, ಅದೇ ಗ್ರೇಟ್ ಇಂಡಿಯನ್ ಬಸ್ಟರ್ಡ್, ಬಯಲಲ್ಲಿ ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿ. ಸಾಮಾನ್ಯವಾಗಿ ಒಂದೇ ಮೊಟ್ಟೆ. ನೀಲಗಿರಿ ತೋಪಿನಲ್ಲಿ ಅದು ಏನು ಮಾಡಬೇಕು? ಈಗ ಅಲ್ಲಿ ಎರೆಭೂತ ಇಲ್ಲ. ನೀಲಗಿರಿಯೊಂದೇ ಕಾರಣ ಅನ್ನುತ್ತಿಲ್ಲ, ಬೇಟೆಯೂ ಇತ್ತು, ಹೊಲಗಳೂ ಹಬ್ಬಿದವು. ಆದರೆ ಬಯಲನ್ನೇ ಮುಚ್ಚಿದ ಮೇಲೆ ಅದು ವಾಪಸ್ ಬರುವುದಾದರೂ ಎಲ್ಲಿಗೆ?

ಈ ಮಳೆಗಾಲದಲ್ಲಿ ಸಸಿ ನೆಡಲೇಬೇಕು ಅನ್ನುವವರು ನಮ್ಮ ಊರಿನ ಬಸ್‌ಸ್ಟ್ಯಾಂಡಿಗೆ ಬನ್ನಿ. ಅಲ್ಲಿ ನಿಲ್ಲಲು ಒಂದು ಬೇವಿನ ನೆರಳೂ ಇಲ್ಲ. ಗುಂಡಿ ನಾನೇ ತೆಗೆದುಕೊಡುತ್ತೇನೆ.