ವಿವೇಕ ಎಂಬ ಮೊರ

ಕೇಳುಗರೆಲ್ಲರಿಗೂ ನಮಸ್ಕಾರ.

‘ಅವಿವೇಕಿ’ ಅನ್ನುವ ಬೈಗುಳ ನಿಮ್ಮ ಕಿವಿಗೆ ಎಷ್ಟೋ ಸಲ ಬಿದ್ದಿರುತ್ತದೆ. ‘ಎಂಥ ವಿವೇಕಿ!’ ಅಂತ ಯಾರಾದರೂ ಯಾರನ್ನಾದರೂ ಹೊಗಳಿದ್ದು ಕೇಳಿದ್ದೀರಾ? ಅಪರೂಪ, ಅಲ್ವಾ? ಹೊಗಳಬೇಕು ಅನ್ನಿಸಿದಾಗ ಜಾಣ ಅನ್ನುತ್ತೇವೆ, ಬುದ್ಧಿವಂತ ಅನ್ನುತ್ತೇವೆ. ವಿವೇಕ ನಮಗೆ ನೆನಪಾಗುವುದು ಅದು ಇಲ್ಲದೇ ಹೋದಾಗ. ನನಗೆ ಈ ಪದದ ಮೇಲೆ ತುಂಬ ಪ್ರೀತಿ. ಇವತ್ತು ಅದರ ಬಗ್ಗೆಯೇ ನಾಲ್ಕು ಮಾತು.

ಪದ ಸಂಸ್ಕೃತದಿಂದ ಬಂದದ್ದು. ಅದರ ಬೇರು ‘ವಿಚ್’ ಅನ್ನುವ ಧಾತು. ಬೇರೆ ಮಾಡು ಅಂತ ಅರ್ಥ. ಅದರಲ್ಲೂ ಕಾಳನ್ನು ಹೊಟ್ಟಿನಿಂದ ಬೇರೆ ಮಾಡುವುದು. ಕನ್ನಡದಲ್ಲಿ ಕೇರುವುದು ಅನ್ನುತ್ತೇವಲ್ಲ, ಅದೇ.

ಮೊರ ಹಿಡಿದು ಕೇರುವವರ ಕೈಯನ್ನು ಹತ್ತಿರದಿಂದ ನೋಡಿದ್ದರೆ ಈ ಪದಕ್ಕೆ ನಿಘಂಟು ಬೇಕಿಲ್ಲ. ಕಾಳು ಮೇಲೆ ಚಿಮ್ಮಿ ಮತ್ತೆ ಮೊರಕ್ಕೇ ಬೀಳುತ್ತದೆ. ಹೊಟ್ಟು ಹಗುರ, ಮುಂದೆ ಜಾರಿ ಹಾರಿಹೋಗುತ್ತದೆ. ಆದರೆ ಸಣ್ಣ ಕಲ್ಲು ಹಾರುವುದಿಲ್ಲ. ಅದಕ್ಕೂ ತೂಕ ಇದೆ. ಕಾಳಿನ ಬಣ್ಣವನ್ನೇ ಹೊತ್ತು ಕಾಳಿನ ನಡುವೆ ಕೂತುಬಿಡುತ್ತದೆ. ಎಷ್ಟು ಕೇರಿದರೂ ಅಷ್ಟೇ. ಮೊರ ಕೆಳಗಿಟ್ಟು, ಬೆಳಕಿಗೆ ತಿರುಗಿಸಿ, ಬೆರಳಲ್ಲಿ ಆರಿಸಬೇಕು. ವಿವೇಕದ ಕಷ್ಟವೂ ಇಲ್ಲೇ ಇದೆ. ಶುದ್ಧ ಸುಳ್ಳು ಬೇಗ ಹಾರಿಹೋಗುತ್ತದೆ. ನಿಜದ ಪಕ್ಕದಲ್ಲೇ ಕೂತ ನಮ್ಮ ಊಹೆ ಹೋಗುವುದಿಲ್ಲ.

ಹಳಬರು ಈ ಪದವನ್ನು ಬಹಳ ಎತ್ತರದಲ್ಲಿಟ್ಟರು. ವೇದಾಂತ ಕಲಿಯಲು ಬರುವವನಿಗೆ ಇರಬೇಕಾದ ನಾಲ್ಕು ಅರ್ಹತೆಗಳಲ್ಲಿ ಮೊದಲನೆಯದೇ ನಿತ್ಯಾನಿತ್ಯ ವಿವೇಕ, ಅಂದರೆ ಉಳಿಯುವುದು ಯಾವುದು, ಅಳಿಯುವುದು ಯಾವುದು ಅಂತ ಬೇರೆ ಮಾಡಿ ನೋಡುವುದು. 1893ರಲ್ಲಿ ಶಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ ನರೇಂದ್ರನಾಥ ದತ್ತರನ್ನು ಜಗತ್ತು ಗುರುತಿಸುವುದೂ ಇದೇ ಪದ ಸೇರಿದ ಹೆಸರಿನಿಂದ.

ಇದರ ಒಡಹುಟ್ಟು ‘ವಿವೇಚನೆ’. ಎರಡೂ ಒಂದೇ ಬೇರಿನವು, ಆದರೆ ಬಳಕೆ ಬೇರೆ. ‘ವಿವೇಚನೆ ಮಾಡು’ ಅನ್ನಬಹುದು. ‘ವಿವೇಕ ಮಾಡು’ ಅಂದರೆ ಕಿವಿಗೆ ಒಗ್ಗುವುದಿಲ್ಲ. ವಿವೇಕ ಒಂದು ಗುಣ, ವಿವೇಚನೆ ಒಂದು ಕೆಲಸ. ನನ್ನನ್ನು ಕೇಳಿದರೆ, ಮಕ್ಕಳಿಗೆ ‘ನಿನಗೆ ವಿವೇಕ ಇಲ್ಲ’ ಅಂತ ಬೈಯುವ ಬದಲು ‘ಕೂತು ವಿವೇಚನೆ ಮಾಡೋಣ ಬಾ’ ಅನ್ನುವುದು ಎಷ್ಟೋ ಒಳ್ಳೆಯದು. ಇಲ್ಲದ ಗುಣವನ್ನು ಮಗು ಎಲ್ಲಿಂದ ತರಬೇಕು? ಕೆಲಸವಾದರೆ ಜೊತೆಗೆ ಕೂತು ಕಲಿಯಬಹುದು.

ಕಾನೂನಿನಲ್ಲಿ ‘ವಿವೇಚನಾಧಿಕಾರ’ ಅಂತ ಒಂದು ಪದ ಇದೆ. ನಿಯಮಗಳು ಎಲ್ಲವನ್ನೂ ಮೊದಲೇ ಬರೆದಿಡೋಕೆ ಆಗದ ಕಡೆ ನ್ಯಾಯಾಧೀಶರಿಗೋ ಅಧಿಕಾರಿಗೋ ಕೊಡುವ ಅಧಿಕಾರ ಅದು. ಮನಸ್ಸಿಗೆ ಬಂದದ್ದು ಮಾಡಿ ಅಂತಲ್ಲ. ಕೇಳಿ, ತೂಗಿ, ಕಾರಣ ಇಟ್ಟುಕೊಂಡು ತೀರ್ಮಾನಿಸಿ ಅಂತ. ಆದರೆ ದಿನದ ಮಾತಿನಲ್ಲಿ ‘ನಿಮ್ಮ ವಿವೇಚನೆಗೆ ಬಿಟ್ಟಿದ್ದೇನೆ’ ಅನ್ನುವುದು ಎಷ್ಟೋ ಸಲ ಸುಮ್ನೆ ಕೈತೊಳೆದುಕೊಳ್ಳುವ ಮಾತಾಗಿಬಿಡುತ್ತದೆ. ಇದು ನನಗೆ ಬೇಸರ ತರುತ್ತದೆ.

ಆಡುಮಾತಿನಲ್ಲಿ ಇದಕ್ಕೆ ಹತ್ತಿರದ್ದು ‘ಹಿಂದುಮುಂದು ನೋಡು’. ‘ಹಿಂದುಮುಂದು ನೋಡದೆ ನುಗ್ಗಿದ’ ಅಂದರೆ ದುಡುಕಿದ ಅಂತ. ‘ಕೊಡೋಕೆ ಹಿಂದುಮುಂದು ನೋಡಿದ’ ಅಂದರೆ ಮನಸ್ಸು ಮಾಡಲಿಲ್ಲ ಅಂತ. ಒಂದೇ ಮಾತು, ಒಂದು ಕಡೆ ವಿವೇಕ, ಇನ್ನೊಂದು ಕಡೆ ಹಿಂಜರಿಕೆ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ ಅಂತ ಕನ್ನಡಕ್ಕೆ ಚೆನ್ನಾಗಿ ಗೊತ್ತು. ಕೇರುತ್ತಲೇ ಕೂತರೆ ಅಡುಗೆ ಆಗುವುದಿಲ್ಲ, ಕೇರದೆ ಬೇಯಿಸಿದರೆ ಬಾಯಿಗೆ ಕಲ್ಲು ಸಿಗುತ್ತದೆ.

ಕೆಲವು ತಿಂಗಳ ಹಿಂದೆ ಗೆಳೆಯನೊಬ್ಬನ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು. ರಾತ್ರಿ ಫೋನಿನಲ್ಲಿ ಮೆಸೇಜ್ ಬರೆದೆ. ಕಳಿಸುವ ಮೊದಲೇ ನಿದ್ದೆ ಹತ್ತಿತು. ಬೆಳಿಗ್ಗೆ ಎದ್ದು ಓದಿದೆ. ಮೂರು ವಾಕ್ಯ ಇದ್ದವು. ‘ಮೂರು ದಿನದಿಂದ ನೀನು ಫೋನ್ ಎತ್ತಿಲ್ಲ. ಬೇಕಂತಲೇ ಎತ್ತುತ್ತಿಲ್ಲ. ನಿನಗೆ ಮೊದಲಿಂದಲೂ ನಾನಂದ್ರೆ ಅಷ್ಟಕ್ಕಷ್ಟೇ.’

ಕೊನೆಯ ವಾಕ್ಯ ಹೊಟ್ಟು. ಓದಿದ ಕೂಡಲೇ ನನಗೇ ನಾಚಿಕೆಯಾಯಿತು, ಅಳಿಸಿದೆ. ಮಧ್ಯದ್ದು ಕಲ್ಲು. ಅದನ್ನು ಅಳಿಸೋಕೆ ಬೆರಳು ಒಪ್ಪಲಿಲ್ಲ. ಅವನು ಬೇಕಂತಲೇ ಎತ್ತಲಿಲ್ಲ ಅನ್ನುವುದನ್ನು ನಾನು ಕಣ್ಣಾರೆ ಕಂಡವನ ಹಾಗೆ ಬರೆದಿದ್ದೆ. ಕಂಡದ್ದೇನು? ಫೋನ್ ರಿಂಗ್ ಆಗಿ ನಿಂತದ್ದು, ಅಷ್ಟೇ. ಸುಮಾರು ಹೊತ್ತು ಆ ಎರಡೇ ಪದ ನೋಡುತ್ತ ಕೂತಿದ್ದೆ. ಆಮೇಲೆ ಅದನ್ನೂ ತೆಗೆದೆ. ಉಳಿದದ್ದು ಮೊದಲನೆಯ ವಾಕ್ಯ. ಅದರ ಪಕ್ಕದಲ್ಲಿ ‘ಎಲ್ಲ ಸರಿ ಇದೆಯಾ?’ ಅಂತ ಸೇರಿಸಿ ಕಳಿಸಿದೆ.

ಹತ್ತು ನಿಮಿಷದಲ್ಲಿ ಅವನೇ ಫೋನ್ ಮಾಡಿದ.