ಪ್ರೇಮಕಥೆಗೆ ಖಾಲಿ ರಸ್ತೆ ಏಕೆ ಬೇಕು?

ನಮಸ್ಕಾರ. ಪ್ರಯಾಣದ ಹಾದಿಯಲ್ಲಿ ಹುಟ್ಟುವ ಪ್ರೇಮಕಥೆಗಳ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ವೀಕ್ಷಕರಲ್ಲಿ ಹಲವರು ಒಂದೇ ಅನುಮಾನವನ್ನು ಮುಂದಿಡುತ್ತಾರೆ: ಅಷ್ಟಾಗಿ ಪರಿಚಯವಿಲ್ಲದ ಇಬ್ಬರು ಒಂದು ಕಾರಿನಲ್ಲಿ ಕುಳಿತು ಕೆಲವು ದಿನ ಸುತ್ತಿದ ಮಾತ್ರಕ್ಕೆ ಅವರ ನಡುವೆ ಪ್ರೀತಿ ಹುಟ್ಟಿಬಿಡುತ್ತದೆಯೇ, ಅಥವಾ ಇದು ಲೇಖಕರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡೇ? ಅನುಮಾನ ನ್ಯಾಯವಾದದ್ದೇ. ಪಕ್ಕದ ಸೀಟಿನಲ್ಲಿ ಕುಳಿತವರ ಮೇಲೆಲ್ಲ ಪ್ರೀತಿ ಹುಟ್ಟುವ ಹಾಗಿದ್ದರೆ ನಮ್ಮ ರಸ್ತೆ ಸಾರಿಗೆ ಸಂಸ್ಥೆಯು ಪ್ರತಿ ಬಸ್ ನಿಲ್ದಾಣದಲ್ಲೂ ಒಂದು ವಿವಾಹ ನೋಂದಣಿ ಕಚೇರಿಯನ್ನು ತೆರೆಯಬೇಕಾಗುತ್ತಿತ್ತು.

ಈ ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸುವ ಬದಲು ಒಂದು ಕಾದಂಬರಿಯನ್ನು ಹಿಡಿದು ನೋಡೋಣ. ಅಮೆರಿಕದ ಲೇಖಕಿ ಮಾರ್ಗನ್ ಮ್ಯಾಟ್ಸನ್ ಅವರ ‘ಏಮಿ ಅಂಡ್ ರೋಜರ್ಸ್ ಎಪಿಕ್ ಡೀಟೂರ್’ 2010ರಲ್ಲಿ ಪ್ರಕಟವಾಯಿತು. ಹದಿಹರೆಯ ದಾಟುತ್ತಿರುವ ಓದುಗರಿಗಾಗಿ ಬರೆದ ಕೃತಿ ಇದು.

[ಪರದೆಯ ಮೇಲೆ: ಅಮೆರಿಕದ ನಕ್ಷೆ, ಕ್ಯಾಲಿಫೋರ್ನಿಯಾದಿಂದ ಕನೆಕ್ಟಿಕಟ್‌ವರೆಗೆ ಒಂದು ನೇರ ಗೆರೆ]

ಕಥೆಯ ಹಂದರವನ್ನು ಬೇಗನೆ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಏಮಿ ಇನ್ನೂ ಹೈಸ್ಕೂಲು ಮುಗಿಸಿಲ್ಲ. ಅವಳ ತಂದೆ ಕಾರು ಅಪಘಾತದಲ್ಲಿ ತೀರಿಹೋಗಿ ಕೆಲವೇ ತಿಂಗಳಾಗಿವೆ. ಅವಳಿ ಸಹೋದರ ಚಾರ್ಲಿ ವ್ಯಸನಮುಕ್ತಿ ಕೇಂದ್ರ ಸೇರಿದ್ದಾನೆ. ತಾಯಿ ಹೊಸ ಕೆಲಸ ಹಿಡಿದು ದೇಶದ ಇನ್ನೊಂದು ತುದಿಯಲ್ಲಿರುವ ಕನೆಕ್ಟಿಕಟ್‌ಗೆ ಹೊರಟುಹೋಗಿದ್ದಾಳೆ. ಮನೆಯ ಕಾರನ್ನು ಅಲ್ಲಿಗೆ ತಲುಪಿಸಬೇಕು, ಆದರೆ ಅಪಘಾತವಾದ ಮೇಲೆ ಏಮಿ ಸ್ಟಿಯರಿಂಗ್ ಮುಟ್ಟಿಲ್ಲ. ಹಾಗಾಗಿ ಫಿಲಡೆಲ್ಫಿಯಾದಲ್ಲಿರುವ ತಂದೆಯ ಮನೆಗೆ ಹೊರಟಿರುವ, ಕುಟುಂಬದ ಹಳೆಯ ಪರಿಚಯದವರ ಮಗ, ಹತ್ತೊಂಬತ್ತರ ರೋಜರ್ ಚಾಲಕನಾಗುತ್ತಾನೆ. ಯಾವ ರಸ್ತೆ ಹಿಡಿಯಬೇಕು, ಯಾವ ರಾತ್ರಿ ಯಾವ ಊರಿನಲ್ಲಿ ಮಲಗಬೇಕು ಎಂಬುದನ್ನೆಲ್ಲ ತಾಯಿ ಮೊದಲೇ ನಿಗದಿ ಮಾಡಿ ಕೋಣೆಗಳನ್ನೂ ಕಾದಿರಿಸಿದ್ದಾಳೆ. ಇಬ್ಬರೂ ಆ ಪಟ್ಟಿಯನ್ನು ಕೈಬಿಟ್ಟು ಮೊದಲು ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕಡೆಗೆ ತಿರುಗುತ್ತಾರೆ, ಅಲ್ಲಿಂದ ನೆವಾಡಾ ಮರುಭೂಮಿಯನ್ನು ಸೀಳಿಕೊಂಡು ಹೋಗುವ 50ನೇ ಹೆದ್ದಾರಿಗೆ ಬರುತ್ತಾರೆ.

ಈ 50ನೇ ಹೆದ್ದಾರಿಯ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ವ್ಯಾಮೋಹವಿದೆ. ಅದರ ಪಶ್ಚಿಮದ ತುದಿಯಲ್ಲಿ, ಕ್ಯಾಲಿಫೋರ್ನಿಯಾದ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ, ಅಟ್ಲಾಂಟಿಕ್ ದಡದ ಓಷನ್ ಸಿಟಿಗೆ 3,073 ಮೈಲಿ ಎಂದು ತಿಳಿಸುವ ಫಲಕವಿದೆ. ನಮ್ಮ ಲೆಕ್ಕದಲ್ಲಿ ಸುಮಾರು 4,900 ಕಿಲೋಮೀಟರ್. ಅದರಲ್ಲಿ ನೆವಾಡಾದ ಫ್ಯಾಲನ್‌ನಿಂದ ಈಲಿಯವರೆಗಿನ ಭಾಗ ಸುಮಾರು 410 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವಷ್ಟು ದೂರ. ಆದರೆ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿಗಳ ಜಾಗದಲ್ಲಿ ಆಸ್ಟಿನ್ ಮತ್ತು ಯುರೇಕಾ ಎಂಬ ಎರಡು ಹಳೆಯ ಗಣಿ ಊರುಗಳನ್ನಷ್ಟೇ ಇಟ್ಟುಕೊಳ್ಳಿ, ಉಳಿದದ್ದನ್ನೆಲ್ಲ ಅಳಿಸಿಬಿಡಿ. ಫ್ಯಾಲನ್ ಬಿಟ್ಟರೆ ಆಸ್ಟಿನ್ ಸಿಗಲು ಸುಮಾರು 175 ಕಿಲೋಮೀಟರ್ ಓಡಬೇಕು. ಅಲ್ಲಿನ ಬೆಟ್ಟಸಾಲುಗಳು ಉತ್ತರ–ದಕ್ಷಿಣವಾಗಿ ಒಂದರ ಹಿಂದೊಂದು ನಿಂತಿವೆ, ರಸ್ತೆ ಪೂರ್ವ–ಪಶ್ಚಿಮವಾಗಿ ಹಾಯುತ್ತದೆ. ಹಾಗಾಗಿ ಒಂದು ಕಣಿವೆಮಾರ್ಗವನ್ನು ಏರಿ ಇಳಿದರೆ ಎದುರಿಗೆ ಚಪ್ಪಟೆಯಾದ ಬಯಲು, ಬಯಲಿನ ನಡುವೆ ಹಗ್ಗ ಎಳೆದಂತೆ ನೇರ ರಸ್ತೆ, ಅದರ ಆ ತುದಿಯಲ್ಲಿ ಮತ್ತೊಂದು ಬೆಟ್ಟಸಾಲು, ಅದನ್ನು ದಾಟಿದರೆ ಮತ್ತೆ ಅದೇ.

1986ರ ಜುಲೈನಲ್ಲಿ ‘ಲೈಫ್’ ನಿಯತಕಾಲಿಕೆ ಇದನ್ನು ಅಮೆರಿಕದ ಅತ್ಯಂತ ಒಂಟಿ ರಸ್ತೆ ಎಂದು ಕರೆಯಿತು. ಇಲ್ಲಿ ನೋಡುವಂಥದ್ದೇನೂ ಇಲ್ಲ, ಬದುಕಿ ಬರುವ ಕೌಶಲದ ಬಗ್ಗೆ ಭರವಸೆಯಿಲ್ಲದವರು ಇತ್ತ ಬರಬೇಡಿ ಎಂಬ ಅರ್ಥದ ಎಚ್ಚರಿಕೆಯನ್ನೂ ವಾಹನ ಸವಾರರ ಸಂಘದ ಬಾಯಿಂದ ಹೇಳಿಸಿತು. ಬೇರೆ ಯಾವುದಾದರೂ ಸರ್ಕಾರವಾಗಿದ್ದರೆ ಪ್ರತಿಭಟನಾ ಪತ್ರ ಬರೆಯುತ್ತಿತ್ತೇನೋ. ನೆವಾಡಾದವರು ಅದೇ ಬೈಗುಳವನ್ನು ರಸ್ತೆಬದಿಯ ಫಲಕಗಳ ಮೇಲೆ ಬರೆಸಿದರು. ದಾರಿಯ ಊರುಗಳಲ್ಲಿ ಮುದ್ರೆ ಒತ್ತಿಸಿಕೊಂಡು ಬಂದ ಪ್ರಯಾಣಿಕರಿಗೆ, 50ನೇ ಹೆದ್ದಾರಿಯಲ್ಲಿ ಬದುಕುಳಿದಿದ್ದೀರಿ ಎಂದು ರಾಜ್ಯಪಾಲರ ಸಹಿಯಿರುವ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಮಾಡಿದರು. ಶೂನ್ಯವನ್ನು ಮಾರಾಟ ಮಾಡಿದ ಪ್ರವಾಸೋದ್ಯಮ ಇಲಾಖೆ ಇದಲ್ಲದೆ ಇನ್ನೊಂದು ಇದೆಯೋ ಇಲ್ಲವೋ!

[ಪರದೆಯ ಮೇಲೆ: ಪಾದರಕ್ಷೆಗಳು ತೂಗುತ್ತಿರುವ ಮರದ ಚಿತ್ರ]

ಇದೇ ರಸ್ತೆಯಲ್ಲಿ, ಮಿಡ್ಲ್‌ಗೇಟ್ ಎಂಬ ಹಳೆಯ ತಂಗುದಾಣದ ಬಳಿ, ಕಾಟನ್‌ವುಡ್ ಜಾತಿಯ ದೊಡ್ಡ ಮರವೊಂದಿತ್ತು. ಅದರ ಕೊಂಬೆಗಳಲ್ಲಿ ನೂರಾರು ಜೋಡಿ ಬೂಟುಗಳು ನೇತಾಡುತ್ತಿದ್ದವು. ಕಾದಂಬರಿಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಆ ಮರದ ಸುತ್ತ ಜನ ಹೇಳಿಕೊಂಡು ಬಂದ ಕಥೆಯನ್ನು ಕೇಳಿ. ಹೊಸದಾಗಿ ಮದುವೆಯಾದ ಜೋಡಿಯೊಂದು ಅಲ್ಲಿ ಜಗಳವಾಡಿತಂತೆ. ನಾನು ನಡೆದುಕೊಂಡೇ ಹೋಗುತ್ತೇನೆ ಎಂದು ಹೆಂಡತಿ ಹೇಳಿದಳಂತೆ. ಹಾಗಾದರೆ ಬರಿಗಾಲಲ್ಲಿ ನಡೆ ಎಂದು ಗಂಡ ಅವಳ ಬೂಟುಗಳನ್ನು ಮರದ ಮೇಲಕ್ಕೆ ಎಸೆದು, ಕಾರು ಹತ್ತಿ ಮಿಡ್ಲ್‌ಗೇಟಿನ ಬಾರಿಗೆ ಹೋಗಿ ಕುಳಿತನಂತೆ. ತಪ್ಪು ನಿನ್ನದೇ, ಹಿಂದಿರುಗಿ ಹೋಗಿ ಕ್ಷಮೆ ಕೇಳು ಎಂದು ಅಲ್ಲಿನವರು ಬುದ್ಧಿ ಹೇಳಿದ ಮೇಲೆ ಹಿಂದಿರುಗಿದನಂತೆ. ಮುಂದೆ ಅದೇ ದಂಪತಿ ತಮ್ಮ ಮೊದಲ ಮಗುವಿನ ಪುಟ್ಟ ಬೂಟುಗಳನ್ನು ತಂದು ಅದೇ ಮರಕ್ಕೆ ಎಸೆದರಂತೆ. ಇದರಲ್ಲಿ ಎಷ್ಟು ನಿಜ ಎಂಬುದು ನನಗೆ ಮುಖ್ಯವಲ್ಲ. ಮುನಿಸಿಕೊಂಡು ಎದ್ದು ಹೋಗಲು ಒಂದು ಪಕ್ಕದ ಮನೆಯಾಗಲಿ, ತವರಿನ ದಾರಿಯಾಗಲಿ ಇಲ್ಲದ ಜಾಗದಲ್ಲಿ ಇಬ್ಬರು ಜಗಳವಾಡಿದರೆ ಅದು ಹೇಗೆ ಮುಗಿಯಬೇಕಾಗುತ್ತದೆ ಎಂಬುದನ್ನು ಈ ಕಥೆ ಬಲ್ಲದು. 2010ರ ಡಿಸೆಂಬರಿನ ಕೊನೆಯಲ್ಲಿ ಯಾರೋ ದುಷ್ಕರ್ಮಿಗಳು ಆ ಮರವನ್ನು ಕಡಿದುಹಾಕಿದರು. ಕಾದಂಬರಿ ಅಚ್ಚಾದ ವರ್ಷವೂ ಅದೇ.

ನನ್ನ ಉತ್ತರ ಇಲ್ಲೇ ಇದೆ. ಪ್ರೀತಿಯನ್ನು ಹುಟ್ಟಿಸುವುದು ಕಾರೂ ಅಲ್ಲ, ದೂರವೂ ಅಲ್ಲ; ಬೇರೆಡೆ ಎದ್ದು ಹೋಗುವ ಅವಕಾಶವೂ ತುರ್ತಾಗಿ ಮಾತನಾಡಲೇಬೇಕಾದ ಒತ್ತಾಯವೂ ಏಕಕಾಲಕ್ಕೆ ಇಲ್ಲವಾಗುವ ಆ ವಿಚಿತ್ರ ಸ್ಥಿತಿ. ಮನೆಯ ಊಟದ ಮೇಜಿನಲ್ಲಿ ಏಮಿ ಸುಮ್ಮನೆ ಕುಳಿತರೆ ಅದಕ್ಕೆ ಯಾರಾದರೂ ಕಾರಣ ಕೇಳುತ್ತಾರೆ. ಕಾರಿನಲ್ಲಿ ಹಾಗಲ್ಲ. ಚಾಲಕನ ಕಣ್ಣು ರಸ್ತೆಯ ಮೇಲಿರಲೇಬೇಕು, ಪಕ್ಕದವಳ ಕಣ್ಣು ಕಿಟಕಿಯ ಕಡೆಗಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ, ಮುಖ ನೋಡದೆ ಆಡಿದ ಮಾತಿಗೆ ಮುಖ ನೋಡದೆಯೇ ಉತ್ತರ ಬರುತ್ತದೆ. ತಂದೆಯ ಸಾವಿನ ಬಗ್ಗೆ ತುಟಿ ಬಿಚ್ಚದ ಹುಡುಗಿಗೆ ಎದುರುಬದುರು ಕುರ್ಚಿಗಳಿಗಿಂತ ಅಕ್ಕಪಕ್ಕದ ಸೀಟುಗಳೇ ಸರಿಯೆಂದು ಮ್ಯಾಟ್ಸನ್ ಕಂಡುಕೊಂಡದ್ದು ಈ ಕಾದಂಬರಿಯ ನಿಜವಾದ ಜಾಣತನ ಎಂದು ನಾನು ತಿಳಿದಿದ್ದೇನೆ.

ತಾಯಿಯ ಪಟ್ಟಿಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಆ ಮನೆಯವರು ದುಃಖವನ್ನು ನಡೆಸಿಕೊಂಡದ್ದೂ ಪ್ರಯಾಣವನ್ನು ಯೋಜಿಸಿದ್ದೂ ಒಂದೇ ರೀತಿಯಲ್ಲಿ: ಮನೆಯನ್ನು ಮಾರಾಟಕ್ಕಿಡು, ಮಗನನ್ನು ಕೇಂದ್ರಕ್ಕೆ ಸೇರಿಸು, ಹತ್ತಿರದ ದಾರಿಯನ್ನು ಹಿಡಿದು ಬೇಗ ಆ ದಡ ಸೇರು. ಮಗಳು ದಾರಿ ತಪ್ಪಿಸಿ ನಿಧಾನಕ್ಕೆ ಸುತ್ತುವುದು ಮೇಲ್ನೋಟಕ್ಕೆ ಅವಿಧೇಯತೆ. ಒಳಗಿನಿಂದ ನೋಡಿದರೆ, ಸತ್ತವರಿಗಾಗಿ ಅಳಲು ತನಗೆ ಬೇಕಾದಷ್ಟು ಸಮಯವನ್ನು ಅವಳು ತಾನೇ ತೆಗೆದುಕೊಳ್ಳುತ್ತಿದ್ದಾಳೆ. ರೋಜರನ ಮೇಲಿನ ಪ್ರೀತಿ ಆ ಸಮಯದೊಳಗೆ ಬೆಳೆಯುತ್ತದೆಯೇ ಹೊರತು ಅದಕ್ಕೆ ಮದ್ದಾಗಿ ಬರುವುದಿಲ್ಲ. ಅವಳು ಮತ್ತೆ ಸ್ಟಿಯರಿಂಗ್ ಹಿಡಿಯುತ್ತಾಳೋ ಇಲ್ಲವೋ ಎಂಬುದನ್ನು ನಾನು ಹೇಳುವುದಿಲ್ಲ, ಓದಿ ತಿಳಿದುಕೊಳ್ಳಿ.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಪುಸ್ತಕದ ನಡುವೆ ರಸೀದಿಗಳು, ಛಾಯಾಚಿತ್ರಗಳು, ಕಾರಿನಲ್ಲಿ ಕೇಳಿದ ಹಾಡುಗಳ ಪಟ್ಟಿಗಳು ಪ್ರವಾಸದ ಟಿಪ್ಪಣಿ ಪುಸ್ತಕದಂತೆ ಅಂಟಿಕೊಂಡಿವೆ. ಮೊದಲಿಗೆ ಆಟಿಕೆಯಂತೆ ಕಂಡರೂ ಮಾತಿಲ್ಲದ ಗಂಟೆಗಳನ್ನು ಅವು ಚೆನ್ನಾಗಿ ತುಂಬುತ್ತವೆ. ಏಮಿಯ ತಂದೆಗೆ ಗಾಯಕ ಎಲ್ವಿಸ್ ಪ್ರೆಸ್ಲಿ ಎಂದರೆ ಅಚ್ಚುಮೆಚ್ಚು, ಹಾಗಾಗಿ ಮೆಂಫಿಸ್‌ನಲ್ಲಿರುವ, 1982ರಿಂದ ಸಾರ್ವಜನಿಕರಿಗೆ ತೆರೆದಿರುವ ಎಲ್ವಿಸ್‌ನ ಮನೆ ಗ್ರೇಸ್‌ಲ್ಯಾಂಡ್ ಈ ಕಥೆಯಲ್ಲಿ ಬರಿಯ ಪ್ರವಾಸಿ ತಾಣವಾಗಿ ಉಳಿಯುವುದಿಲ್ಲ. ರೋಜರ್ ಮಾತ್ರ ನನಗೆ ಅತಿಯಾಗಿ ಒಳ್ಳೆಯವನಾಗಿ ಕಂಡ; ಅಷ್ಟು ದಿನ ಕಾರು ಓಡಿಸಿಯೂ ಒಮ್ಮೆಯೂ ಸಿಡುಕದ ಹತ್ತೊಂಬತ್ತರ ಹುಡುಗನನ್ನು ನಂಬಲು ಬಹಳ ಉದಾರ ಮನಸ್ಸು ಬೇಕು.

ಇಂತಹ ಕಥೆ ಅಮೆರಿಕದಲ್ಲೇ ಏಕೆ ಇಷ್ಟು ಸಲೀಸಾಗಿ ನಡೆಯುತ್ತದೆ ಎಂದು ಕೇಳುವವರಿಗೆ ಎರಡು ಮಾತು. ಕ್ಯಾಲಿಫೋರ್ನಿಯಾದಲ್ಲಿ ಷರತ್ತುಗಳೊಂದಿಗೆ ಹದಿನಾರಕ್ಕೇ ಕಾರಿನ ಲೈಸೆನ್ಸ್ ಸಿಗುತ್ತದೆ, ನಮ್ಮಲ್ಲಿ ಹದಿನೆಂಟು ತುಂಬಬೇಕು. ಅಲ್ಲಿ 1956ರ ಹೆದ್ದಾರಿ ಕಾಯ್ದೆಯ ನಂತರ ದೇಶದುದ್ದಕ್ಕೂ ವೇಗದ ರಸ್ತೆಗಳ ಜಾಲ ಬಂದದ್ದರಿಂದ, ಹಳೆಯ ನಿಧಾನದ ರಸ್ತೆಯನ್ನು ಹಿಡಿಯುವುದೇ ಒಂದು ಆಯ್ಕೆಯಾಯಿತು. ಆದರೆ ಆ ಆಯ್ಕೆ ಎಲ್ಲರಿಗೂ ಇರಲಿಲ್ಲ. ಕಪ್ಪು ಜನರು ಯಾವ ಊರಿನಲ್ಲಿ ಊಟ ಮಾಡಬಹುದು, ಎಲ್ಲಿ ಸುರಕ್ಷಿತವಾಗಿ ಮಲಗಬಹುದು ಎಂಬುದನ್ನು ತಿಳಿಸಲು ನ್ಯೂಯಾರ್ಕಿನ ಅಂಚೆಯವ ವಿಕ್ಟರ್ ಹ್ಯೂಗೊ ಗ್ರೀನ್ 1936ರಲ್ಲಿ ಆರಂಭಿಸಿದ ‘ಗ್ರೀನ್ ಬುಕ್’ ಎಂಬ ಕೈಪಿಡಿ ಮೂರು ದಶಕಗಳ ಕಾಲ ಅಚ್ಚಾಗುತ್ತಿತ್ತು. ಅಂಥವರಿಗೆ ನಿಗದಿತ ಪಟ್ಟಿಯನ್ನು ಹರಿದೆಸೆದು ಕಂಡ ದಾರಿಗೆ ಕಾರು ತಿರುಗಿಸುವುದು ರಮ್ಯವಾದ ವಿಷಯವಾಗಿರಲಿಲ್ಲ, ಅಪಾಯವಾಗಿತ್ತು. ಗೊತ್ತಿಲ್ಲದ ಊರುಗಳಲ್ಲೆಲ್ಲ ಇಷ್ಟು ನಿಶ್ಚಿಂತೆಯಿಂದ ಬಾಗಿಲು ತಟ್ಟುವ ಏಮಿ ಮತ್ತು ರೋಜರ್‌ಗೆ ಆ ನಿಶ್ಚಿಂತೆ ಎಲ್ಲಿಂದ ಬಂತು ಎಂದು ಕಾದಂಬರಿ ಒಮ್ಮೆಯಾದರೂ ಕೇಳಿದ್ದರೆ ನಾನು ಅದನ್ನು ಇನ್ನಷ್ಟು ಮೆಚ್ಚುತ್ತಿದ್ದೆ.