ಫಾರ್ಮ್ ಮೊದಲು, ಬೀಕರ್ ಆಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಲ್ಯಾಬ್‌ಗೆ ಹೊಸದಾಗಿ ಸೇರಿದವರ ಕೈಗೆ ಮೊದಲು ಬರುವುದು ಬೀಕರ್ ಅಲ್ಲ, ಫಾರ್ಮ್. ಏನು ಪ್ರಯೋಗ ಮಾಡುತ್ತೀರಿ, ಯಾವ ರಾಸಾಯನಿಕ, ಎಷ್ಟು, ಚೆಲ್ಲಿದರೆ ಏನು ಮಾಡುತ್ತೀರಿ ಅಂತ ಕಾಲಂ ಮೇಲೆ ಕಾಲಂ. ನಮಗೋ ಕೆಲಸ ಶುರು ಮಾಡುವ ಆತುರ. ಸೀನಿಯರ್ ಹತ್ತಿರ ಹಳೆಯ ಫಾರ್ಮ್ ಇಸ್ಕೊಂಡು, ಹೆಸರು, ತಾರೀಕು ಬದಲಿಸಿ, ಗೈಡ್ ಸಹಿ ಹಾಕಿಸಿಬಿಡುತ್ತೇವೆ. ನಾನೂ ಹಾಗೆ ಮಾಡಿದವನೇ. ಅದು ತಪ್ಪು ಅಂತ ಹೇಳುವುದಕ್ಕೇ ಇವತ್ತು ಬಂದಿದ್ದೇನೆ. ಆ ಫಾರ್ಮ್ ಆಫೀಸಿನ ಫೈಲಿಗಲ್ಲ. ಪ್ರಯೋಗವನ್ನು ಒಂದು ಸಲ ಕಾಗದದ ಮೇಲೆ ಮಾಡಿ ನೋಡುವುದಕ್ಕೆ. ಕಾಗದದ ಮೇಲೆ ಚೆಲ್ಲಿದರೆ ಯಾರಿಗೂ ಸುಡುವುದಿಲ್ಲ, ಅಲ್ವಾ?

ಒಂದೇ ಒಂದು ಕಾಲಂ ತೆಗೆದುಕೊಳ್ಳೋಣ. ಕೈಗೆ ಏನು ರಕ್ಷಣೆ? ಎಲ್ಲರೂ ‘ಗ್ಲೌಸ್’ ಅಂತ ಬರೆದು ಮುಂದೆ ಹೋಗುತ್ತಾರೆ. ಯಾವ ಗ್ಲೌಸ್?

ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕ್ಯಾರನ್ ವೆಟ್ಟರ್‌ಹಾನ್ ಎಂಬ ರಸಾಯನಶಾಸ್ತ್ರದ ಪ್ರೊಫೆಸರ್ ಇದ್ದರು. ವಿಷಕಾರಿ ಲೋಹಗಳೇ ಅವರ ಅಧ್ಯಯನದ ವಿಷಯ. 1996ರ ಆಗಸ್ಟ್‌ನಲ್ಲಿ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ವಿಷದ್ರವದ ಒಂದೆರಡು ಹನಿ ಅವರ ಗ್ಲೌಸ್ ಮೇಲೆ ಬಿತ್ತು. ಕೆಲಸ ಮಾಡಿದ್ದು ಫ್ಯೂಮ್ ಹುಡ್ ಒಳಗೆ, ಅಂದರೆ ವಿಷದ ಆವಿಯನ್ನು ಹೊರಗೆಳೆಯುವ ಗೂಡಿನೊಳಗೆ. ಕೈಗೆ ಲ್ಯಾಟೆಕ್ಸ್ ಗ್ಲೌಸ್ ಇತ್ತು. ಆಗಿನ ನಿಯಮದಂತೆ ಎಲ್ಲವೂ ಸರಿಯಾಗೇ ಇತ್ತು. ಕೆಲವು ತಿಂಗಳ ನಂತರ ಅವರ ನಡಿಗೆ ತಪ್ಪಿತು, ಮಾತು ತೊದಲಿತು. 1997ರ ಜೂನ್‌ನಲ್ಲಿ ತೀರಿಕೊಂಡರು. ವಯಸ್ಸು 48. ಆಮೇಲೆ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಆ ದ್ರವ ಲ್ಯಾಟೆಕ್ಸನ್ನು ದಾಟಲು 15 ಸೆಕೆಂಡೂ ಬೇಕಿಲ್ಲ.

ಅವರಿಗೆ ಸಿಗದ ಮಾಹಿತಿ ಇವತ್ತು ನಮ್ಮ ಮುಂದಿದೆ. ಯಾವ ದ್ರವ ಯಾವ ಗ್ಲೌಸನ್ನು ಎಷ್ಟು ಹೊತ್ತಿನಲ್ಲಿ ದಾಟುತ್ತದೆ ಎಂದು ಗ್ಲೌಸ್ ತಯಾರಿಸುವವರೇ ಪಟ್ಟಿ ಕೊಡುತ್ತಾರೆ. ಅದನ್ನು ನೋಡಿ, ಗ್ಲೌಸ್ ಹೆಸರು ಬರೆಯಿರಿ.

ಪ್ರತಿ ರಾಸಾಯನಿಕದ ಅಪಾಯ, ಎಚ್ಚರಿಕೆಗಳನ್ನು ಹೇಳುವ ಸೇಫ್ಟಿ ಡೇಟಾ ಶೀಟ್‌ನಲ್ಲಿ 16 ಭಾಗಗಳಿವೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ಪ್ರಥಮ ಚಿಕಿತ್ಸೆಯ 4ನೇ ಭಾಗವನ್ನು ಮಾತ್ರ ನಿಧಾನವಾಗಿ ಓದಿ. ಹೈಡ್ರೋಫ್ಲೋರಿಕ್ ಆಮ್ಲವನ್ನೇ ನೋಡಿ. ತೆಳುವಾದ ದ್ರಾವಣ ಚರ್ಮಕ್ಕೆ ತಾಗಿದರೆ ಕೂಡಲೇ ಉರಿಯದೇ ಇರಬಹುದು. ನೋವು ಶುರುವಾಗುವುದು ಎಷ್ಟೋ ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಫ್ಲೋರೈಡ್ ಒಳಗಿಳಿದು ದೇಹದ ಕ್ಯಾಲ್ಸಿಯಂ ಮೇಲೆ ಕೈ ಹಾಕಿರುತ್ತದೆ. ತಕ್ಷಣ ನೀರಿನಲ್ಲಿ ತೊಳೆದು ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಹಚ್ಚಬೇಕು, ಆಸ್ಪತ್ರೆಗೆ ಓಡಬೇಕು. ಫಾರ್ಮ್‌ನಲ್ಲಿ ‘ಜೆಲ್ ಇದೆ’ ಅಂತ ಬರೆಯುವ ಮೊದಲು ಎದ್ದು ಹೋಗಿ ಡ್ರಾಯರ್ ತೆರೆಯಿರಿ. ಟ್ಯೂಬ್ ಇದೆಯಾ? ಅವಧಿ ಮುಗಿದಿಲ್ಲ ತಾನೇ?

ಇನ್ನು ತ್ಯಾಜ್ಯದ ಕಾಲಂ. ಇದನ್ನು ಜಾಸ್ತಿ ಜನ ಖಾಲಿ ಬಿಡುತ್ತಾರೆ. ನೈಟ್ರಿಕ್ ಆಮ್ಲ ಉಳಿದ ಬಾಟಲಿಗೆ ಅಸಿಟೋನ್ ಸುರಿದು ಮುಚ್ಚಳ ಬಿಗಿದರೆ ಒಳಗೆ ಅನಿಲ ತುಂಬುತ್ತಾ ಹೋಗಿ ಬಾಟಲಿ ಸಿಡಿಯಬಹುದು. ಅಷ್ಟು ಹೊತ್ತಿಗೆ ನೀವು ಮನೆಯಲ್ಲಿರಬಹುದು, ಪಕ್ಕದ ಬೆಂಚಿನವರು ಅಲ್ಲೇ ಇರುತ್ತಾರೆ.

ಆದ್ದರಿಂದ ಫಾರ್ಮನ್ನು ಹಾಸ್ಟೆಲ್ ರೂಮಿನಲ್ಲಿ ಕೂತು ತುಂಬಬೇಡಿ. ಲ್ಯಾಬ್‌ನಲ್ಲೇ ನಿಂತು ತುಂಬಿ. ಕಣ್ಣು ತೊಳೆಯುವ ನಲ್ಲಿಯವರೆಗೆ ಒಮ್ಮೆ ನಡೆದು ನೋಡಿ. ನಾನಿದ್ದ ಒಂದು ಲ್ಯಾಬ್‌ನಲ್ಲಿ ಅದರ ಮುಂದೆ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ಫಾರ್ಮ್‌ನಲ್ಲಿ ಮಾತ್ರ ‘ಲಭ್ಯವಿದೆ’ ಎಂದಿತ್ತು. ಕಣ್ಣಿಗೆ ಆಮ್ಲ ಬಿದ್ದವರು ಪೆಟ್ಟಿಗೆ ಸರಿಸುತ್ತಾ ನಿಲ್ಲೋಕಾಗುತ್ತಾ?

ಸಹಿ ಹಾಕುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಪೆನ್ನು ತೆಗೆಯುವ ಮೊದಲು ಆ ಹುಡುಗನನ್ನೋ ಹುಡುಗಿಯನ್ನೋ ಎದುರಿಗೆ ಕೂರಿಸಿಕೊಂಡು, “ಈ ಬಾಟಲಿ ಕೈ ಜಾರಿ ಬಿದ್ದರೆ ಮೊದಲು ಏನು ಮಾಡ್ತೀಯಪ್ಪಾ, ಏನಮ್ಮಾ ಮಾಡ್ತೀಯ?” ಎಂದು ಕೇಳಿ. ಉತ್ತರಕ್ಕಾಗಿ ಅವರು ಫಾರ್ಮ್ ಕಡೆ ಕಣ್ಣು ಹಾಯಿಸಿದರೆ, ಅವತ್ತು ಸಹಿ ಹಾಕಬೇಡಿ. ನಾಳೆ ಬರಲು ಹೇಳಿ.

ನಮಸ್ಕಾರ.